ಗುಳಿಗೆಯೂ ಜ್ವರವೂ

ಮನಸ್ಸಿನ ಬೇನೆಗೆ ಗುಳಿಗೆ ನುಂಗುವವರು ನಮ್ಮ ಧನಕವಡಿಯ ಕನ್ನಡ ಮನೆಗಳಲ್ಲಿಯೂ ಇದ್ದಾರೆ. ಹೊರಗೆ ಹೇಳಿಕೊಳ್ಳುವುದಿಲ್ಲ, ಅಷ್ಟೇ. ಸಕ್ಕರೆ ಬೇನೆಯ ಗುಳಿಗೆಯನ್ನು ಊಟದ ತಾಟಿನ ಪಕ್ಕದಲ್ಲಿಡುವ ನಾವು ಇದನ್ನು ಮಾತ್ರ ಕಪಾಟಿನ ಹಿಂದೆ ಅಡಗಿಸುತ್ತೇವೆ. ಈ ಗುಟ್ಟಿನಿಂದ ಒಮ್ಮೊಮ್ಮೆ ಪ್ರಾಣಕ್ಕೇ ಸಂಚಕಾರ ಬರುವುದುಂಟು.

ಉನ್ಮಾದಕ್ಕೆ ಮದ್ದು ನಮ್ಮ ದೇಶಕ್ಕೆ ಹೊಸದಲ್ಲ. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಸರ್ಪಗಂಧದ ಬೇರಿನ ಗುಣವನ್ನು ಬರೆದು ಪ್ರಕಟಿಸಿದರು. ಆ ಬೇರಿನ ಸತ್ವವೇ ರಿಸರ್ಪಿನ್. 1957ರ ಸುಮಾರಿಗೆ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ನರು ಅದನ್ನು ಮೊಲಗಳಿಗೆ ಕೊಡಲು ಅವು ಮರದ ಗೊಂಬೆಗಳಂತೆ ಕುಳಿತುಬಿಟ್ಟವು. ಎಲ್-ಡೋಪಾ ಚುಚ್ಚಿದೊಡನೆ ಮತ್ತೆ ಎದ್ದು ಓಡಾಡಿದವು. ಮೇಲಧಿಕಾರಿಯ ರುಜುವಿಲ್ಲದೆ ಕಡತ ಸಾಗದಂತೆ ಮಿದುಳಿನ ಡೋಪಮಿನ್ ಇಲ್ಲದೆ ಕೈಕಾಲು ಸಾಗವೆಂದು ಹೀಗೆ ತಿಳಿಯಿತು. (ಗುಮಾಸ್ತೆಯ ಹೋಲಿಕೆಯನ್ನು ವಾಚಕರು ಮನ್ನಿಸಬೇಕು.) ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು.

1952ರಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಝಿನ್, 1958ರಲ್ಲಿ ಬೆಲ್ಜಿಯಮ್ಮಿನಲ್ಲಿ ತಯಾರಾದ ಹ್ಯಾಲೊಪೆರಿಡಾಲ್ ಮೊದಲಾದವು ಡೋಪಮಿನ್ ಕೂಡ್ರುವ ಜಾಗಗಳನ್ನು ತಡೆದು ಭ್ರಮೆಯನ್ನು ಇಳಿಸುತ್ತವೆ. ಎಷ್ಟೋ ಜನ ಇವುಗಳಿಂದಲೇ ಸಂಸಾರಕ್ಕೆ, ನೌಕರಿಗೆ ಮರಳಿದ್ದಾರೆ. ಬಲು ಅಪರೂಪಕ್ಕೆ ಒಬ್ಬರಲ್ಲಿ ಈ ತಡೆ ವಿಪರೀತಕ್ಕೆ ಹೋಗುತ್ತದೆ. ಚಲನೆಯ ಕೇಂದ್ರದಲ್ಲಿ ಡೋಪಮಿನ್ನಿನ ಕೆಲಸ ನಿಂತರೆ ಮೈ ಕೊರಡಾಗುತ್ತದೆ. ಮೈಯ ಬಿಸಿಯನ್ನು ಹಿಡಿತದಲ್ಲಿಡುವ ಹೈಪೊಥಲಾಮಸಿನಲ್ಲಿ ನಿಂತರೆ ಜ್ವರ ಏರುತ್ತದೆ. ಬಿಗಿದ ಸ್ನಾಯುಗಳು ಇನ್ನಷ್ಟು ಬಿಸಿ ಹುಟ್ಟಿಸಿ, ಕೊನೆಗೆ ತಾವೇ ಒಡೆದು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಬೆವರು, ನಾಡಿಯ ಓಟ, ಮಂಪರು ಬೇರೆ. ಪ್ಯಾರಿಸ್ಸಿನ ವೈದ್ಯರು 1960ರಲ್ಲಿ ಇದನ್ನು ವರ್ಣಿಸಿ 'ಮಾರಕ' ಎಂದೇ ಹೆಸರಿಟ್ಟರು.

ನಮ್ಮ ಗಲ್ಲಿಯ ತಾಯಿಯೊಬ್ಬರು ಮಗನ ಜ್ವರವನ್ನು ಮೂರು ದಿನ ಡೆಂಗ್ಯು ಎಂದೇ ನಂಬಿದ್ದರು. ವೈದ್ಯರು ಕೇಳಿದಾಗಲೂ ಗುಳಿಗೆಯ ಮಾತೆತ್ತಲಿಲ್ಲ, ನೆರೆಯವರು ಎದುರಿಗಿದ್ದರಲ್ಲ! ಹುಡುಗನ ತಂಗಿ ಹಳೆಯ ಚೀಟಿ ತಂದು ತೋರಿಸಿದ ಮೇಲೆ ರಕ್ತದಲ್ಲಿ ಸಿ.ಪಿ.ಕೆ. ನೋಡಿದರು, ಗುಳಿಗೆ ನಿಲ್ಲಿಸಿದರು, ಸಲಾಯಿನ್ ಏರಿಸಿ ಮೈ ತಂಪು ಮಾಡಿದರು. ಹುಡುಗ ಉಳಿದ. ಬೇನೆ ಬಲವಾದರೆ ಡೋಪಮಿನ್ನಿನ ಕೆಲಸ ಮಾಡುವ ಬ್ರೊಮೊಕ್ರಿಪ್ಟಿನ್, ಸ್ನಾಯು ಸಡಿಲಿಸುವ ಡ್ಯಾಂಟ್ರೊಲಿನ್ ಕೊಡುವುದೂ ಉಂಟು.

ಇದನ್ನೋದಿ ಯಾರೂ ಹೆದರಿ ಗುಳಿಗೆ ಬಿಡಕೂಡದು. ಬಿಟ್ಟರೆ ಮೂಲಬೇನೆ ತಿರುಗಿ ಬರುತ್ತದೆ. ಗುಳಿಗೆ ಶುರುವಾದ ಅಥವಾ ಪ್ರಮಾಣ ಏರಿಸಿದ ಮೊದಲ ಎರಡು ವಾರ ಕಣ್ಣಿಟ್ಟಿರಬೇಕು, ನೀರು ಚೆನ್ನಾಗಿ ಕುಡಿಸಬೇಕು. ಜ್ವರದ ಸಂಗಡ ಮೈ ಬಿಗಿದರೆ ಬೆಳಗಿನ ದಾರಿ ಕಾಯದೆ, ಚೀಟಿ ಹಿಡಿದು ದೊಡ್ಡ ದವಾಖಾನೆಗೆ ಹೋಗಬೇಕು. ನಮ್ಮವರಿಗೆ ಭಾರತಿ ವಿದ್ಯಾಪೀಠದ ಆಸ್ಪತ್ರೆ ಸಮೀಪದಲ್ಲೇ ಇದೆ. ಗುಣವಾದ ಬಳಿಕ ಕನಿಷ್ಠ ಎರಡು ವಾರ ತಡೆದು, ಸಾಮಾನ್ಯವಾಗಿ ಬೇರೊಂದು ಗುಳಿಗೆಯನ್ನು ಸಣ್ಣ ಪ್ರಮಾಣದಿಂದ ಆರಂಭಿಸುವುದು ವೈದ್ಯರ ರೂಢಿ.