ನಿಮಗಿದು ಗೊತ್ತೆ? ಸೀಸವಿಲ್ಲದೆಯೂ ಮಡಕೆ ಹೊಳೆಯುತ್ತದೆ

ಮಣ್ಣಿನ ಪಾತ್ರೆಯ ಮೇಲೆ ಮಿನುಗುವ ಗ್ಲೇಜ್ ನಿಜಕ್ಕೂ ತೆಳುವಾದ ಗಾಜಿನ ಪದರ. ಗಾಜಿನ ಮೂಲವಾದ ಸಿಲಿಕಾ ಒಂದೇ ಕರಗಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಕಾವು ಬೇಕು; ಅಷ್ಟು ಕಾವಿಗೆ ಮಡಕೆಯೇ ಉಳಿಯದು. ಅದಕ್ಕೇ ಕುಂಬಾರರು ಕಡಿಮೆ ಕಾವಿಗೇ ಸಿಲಿಕಾ ಕರಗಲೆಂದು ಶತಮಾನಗಳ ಕಾಲ ಸೀಸದ ಆಕ್ಸೈಡ್ ಬೆರೆಸಿದರು. ಆದರೆ ಸರಿಯಾಗಿ ಬೇಯದ ಇಂಥ ಗ್ಲೇಜಿನಿಂದ ಹುಣಸೆ, ನಿಂಬೆಯ ಹುಳಿ ಸೀಸವನ್ನು ಎಳೆದು ಊಟಕ್ಕೆ ಸೇರಿಸುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಇದು ದೊಡ್ಡ ಅಪಾಯ.

ಕೋಲ್ಕತ್ತದ ಜಾದವ್‌ಪುರದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆ ಟೆರಾಕೋಟಾ ಪಾತ್ರೆಗಳಿಗೆ ಸೀಸವಿಲ್ಲದ ಗ್ಲೇಜ್ ರೂಪಿಸಿದೆ. ಸೀಸದ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಬೋರಾನ್. ಅಕ್ಕಸಾಲಿಗರ ಬಿಳಿಗಾರದಲ್ಲಿರುವುದೂ ಅದೇ! ಬಿಳಿಗಾರ ನೀರಿನಲ್ಲಿ ಕರಗಿಹೋಗುವುದರಿಂದ ಅದನ್ನು ಮೊದಲು ಸಿಲಿಕಾ ಜೊತೆ ಕಾಯಿಸಿ ಗಾಜಾಗಿಸಿ, ಪುಡಿ ಮಾಡಿ, ಆಮೇಲೆ ಪಾತ್ರೆಗೆ ಬಳಿಯುತ್ತಾರೆ.