ದನಕರು, ನಾಯಿ, ಬೆಕ್ಕುಗಳಿರುವ ಮನೆಯಲ್ಲಿ ಕೂಸಿನ ಆರೋಗ್ಯ ರಕ್ಷಣೆ

ಮೈಸೂರು ಸೀಮೆಯ ರೈತನ ಮನೆಯಲ್ಲಿ ಮನುಷ್ಯರಿಗೂ ಜಾನುವಾರುಗಳಿಗೂ ಒಂದೇ ಸೂರು ಎಂಬುದು ಪೂರ್ವದಿಂದ ಬಂದ ಪದ್ಧತಿಯಾಗಿದೆ. ತಲೆಬಾಗಿಲನ್ನು ದಾಟಿದೊಡನೆ ಒಂದು ಮಗ್ಗುಲಲ್ಲಿ ಕೊಟ್ಟಿಗೆ, ಅದಕ್ಕೆ ಎದುರಾಗಿ ನಡುಮನೆ, ನಡುಮನೆಗೆ ಸೇರಿದಂತೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯೇ ಬಾಣಂತಿಗೂ ಕೂಸಿಗೂ ಮೀಸಲು. ಕಳ್ಳರ ಭಯ, ಚಿರತೆಯ ಭಯ, ನಿವೇಶನದ ಅಭಾವ ಇವುಗಳಿಂದ ಹುಟ್ಟಿದ ಈ ಏರ್ಪಾಡನ್ನು ಹಳಿಯುವುದು ಸುಲಭ. ಆದರೆ ಎತ್ತುಗಳನ್ನು ಕಣ್ಣೆದುರಿಗೆ ಇಟ್ಟುಕೊಳ್ಳದ ರೈತನಿಗೆ ರಾತ್ರಿ ನಿದ್ರೆ ಬಾರದೆಂಬುದನ್ನು ಬಲ್ಲವರು ಹಾಗೆ ಹಳಿಯಲಾರರು. ಕೊಟ್ಟಿಗೆಯು ಇರುವಲ್ಲಿಯೇ ಇದ್ದರೂ ಕೂಸನ್ನು ಕಾಪಾಡಿಕೊಳ್ಳುವ ಬಗೆ ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಇದನ್ನು ಬರೆಯಲು ಕಾರಣವಾದುದು ಮೈಸೂರು ನಗರದ ಸಿದ್ಧಾರ್ಥನಗರದಲ್ಲಿ ನಾನು ಕಂಡ ಒಂದು ಸಂಗತಿ. ಚಾಮುಂಡಿಬೆಟ್ಟದ ತಪ್ಪಲಿಗೆ ಸಮೀಪವಾಗಿ ಲಲಿತಮಹಲಿನ ದಾರಿಯ ಕಡೆಗಿರುವ ಆ ಬಡಾವಣೆಯಲ್ಲಿ, ತಿರುಮಕೂಡಲು ನರಸೀಪುರದ ಕಡೆಯ ಹಿಡುವಳಿದಾರರೊಬ್ಬರು ಮನೆ ಕಟ್ಟಿಸಿ, ಊರಿನ ಅಭ್ಯಾಸವನ್ನು ಬಿಡಲಾರದೆ ಹಿತ್ತಿಲಲ್ಲಿ ಒಂದು ಹಸುವನ್ನು ಕಟ್ಟಿ, ನಾಲ್ಕು ಕೋಳಿಗಳನ್ನೂ ಒಂದು ಬೆಕ್ಕನ್ನೂ ಸಾಕಿದ್ದರು. ಬೀದಿಯ ನಾಯಿಮರಿಯೊಂದು ಕೂಡ ತಾನಾಗಿಯೇ ಬಂದು ಸೇರಿಕೊಂಡಿತ್ತು. ಹೆರಿಗೆಗೆ ಬಂದಿದ್ದ ಮಗಳ ಕೂಸಿಗೆ ಏಳು ತಿಂಗಳು, ಅಂಬೆಗಾಲಿಡುತ್ತಿತ್ತು. ಒಂದು ಬೆಳಿಗ್ಗೆ ಮರಿಯು ಆಡುತ್ತ ಆಡುತ್ತ ಕೂಸಿನ ಕೆನ್ನೆಯನ್ನು ಪರಚಿ, ರಕ್ತ ಬಂದ ಆ ಗಾಯವನ್ನೇ ನೆಕ್ಕಿತು. ಅಜ್ಜಿಯು ಅರಿಸಿನಕ್ಕೆ ಸುಣ್ಣವನ್ನು ಬೆರಸಿ ಮೆತ್ತಿದಳು. ಹಸುವಿನ ಮೇವಿನ ವಿಷಯವಾಗಿ ಮಾತನಾಡಲು ನಾನು ಅಲ್ಲಿಗೆ ಹೋದದ್ದು ಮೂರನೆಯ ದಿನ. ಮರಿ ಎಲ್ಲಿ ಎಂದು ಕೇಳಿದರೆ, ಅದು ಬೀದಿಗೆ ಹೋದದ್ದು ಮತ್ತೆ ಬರಲೇ ಇಲ್ಲವೆಂದರು. ನಾನು ವೈದ್ಯನಲ್ಲ, ಆದರೂ ಮೇವಿನ ಮಾತನ್ನು ಅಲ್ಲಿಗೇ ಬಿಟ್ಟು, ಆ ಗಳಿಗೆಯಲ್ಲೇ ಕೂಸನ್ನು ಆಸ್ಪತ್ರೆಗೆ ಕಳುಹಿಸಿದೆವು. ಚುಚ್ಚುಮದ್ದಿನ ಸರದಿಯು ಮುಗಿಯುವವರೆಗೆ ಆ ಮನೆಯವರು ಪಟ್ಟ ಸಂಕಟವನ್ನು ನಾನು ಬಲ್ಲೆ. ಕೂಸು ಈಗ ಸುಖವಾಗಿದೆ. ಆಮೇಲೆ ಯಜಮಾನರು ಕೇಳಿದ ಪ್ರಶ್ನೆ ಒಂದೇ: “ಇವೆಲ್ಲವನ್ನೂ ಮನೆಯಿಂದ ಹೊರಡಿಸಿಬಿಡಲೇ?”

ಹುಚ್ಚುನಾಯಿಯ ರೋಗವನ್ನೇ ಮೊದಲು ಹೇಳಿಬಿಡುವೆನು. ಇದು ರೋಗದ ಪ್ರಾಣಿಯ ಜೊಲ್ಲಿನಲ್ಲಿರುವ ವೈರಸ್ಸಿನಿಂದ ಬರತಕ್ಕದ್ದು. ಕಚ್ಚಿದರೆ ಮಾತ್ರವೇ ಅಲ್ಲ, ಪರಚಿದರೂ, ತೆರೆದ ಗಾಯವನ್ನಾಗಲಿ ತುಟಿ ಕಣ್ಣುಗಳನ್ನಾಗಲಿ ನೆಕ್ಕಿದರೂ ಅಂಟಬಹುದು. ರೋಗದ ಚಿಹ್ನೆಗಳು ತೋರಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಅಪರೂಪ. ಆದರೆ ಅದಕ್ಕೆ ಮುಂಚೆ ಚಿಕಿತ್ಸೆ ನಡೆದರೆ ರೋಗವು ಬಾರದಂತೆ ತಡೆಯಬಹುದು. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯತಕ್ಕದ್ದು. ಸುಣ್ಣ, ಮೆಣಸಿನಪುಡಿ, ಸಗಣಿ, ಕಾಫಿಪುಡಿ ಯಾವುದನ್ನೂ ಮೆತ್ತಕೂಡದು. ಅವು ಗಾಯವನ್ನು ಕೆಣಕುವುವೇ ಹೊರತು ವಿಷವನ್ನು ಕೊಲ್ಲಲಾರವು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮೂರು ದಿನ ತಡವಾಗಿದ್ದರೂ, ಮೂರು ವಾರ ತಡವಾಗಿದ್ದರೂ ಹೋಗಲೇಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವೂ ಅವಶ್ಯ. ಇದನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳತಕ್ಕದ್ದು. ನಾಯಿಯು ಕಣ್ಣೆದುರಿಗೆ ಇದ್ದರೆ 10 ದಿನ ಅದನ್ನು ಗಮನಿಸಬೇಕೆಂಬುದು ನಿಜ. ಆದರೆ ಆ 10 ದಿನ ಕಾದುಕೊಂಡು ಲಸಿಕೆಯನ್ನು ನಿಲ್ಲಿಸುವುದು ತಪ್ಪು. ಲಸಿಕೆಯನ್ನು ಆರಂಭಿಸಿಯೇ ಕಾಯಬೇಕು.

ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಭಯದಿಂದ ಈಗಲೂ ಕೆಲವರು ಅಡಗಿಕೊಳ್ಳುವುದುಂಟು. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಔಷಧದ ಕಾಲದ ಮಾತು. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಚಿಕಿತ್ಸೆಯನ್ನು ಮಾಡಿದನು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಯು ಸ್ಥಾಪಿತವಾಯಿತು. ಈಗ ಕೊಡುವ ಲಸಿಕೆಯು ತೋಳಿಗೆ ಅಥವಾ ಎಳೆಗೂಸಿನ ತೊಡೆಗೆ ಹಾಕುವ ಸಣ್ಣ ಸೂಜಿ. ಸರದಿಯು 28 ದಿನಗಳಲ್ಲಿ ಮುಗಿಯುವುದು. ನಾಯಿಗಾದರೋ ಮೂರು ತಿಂಗಳ ವಯಸ್ಸಿಗೆ ಒಂದು ಲಸಿಕೆ, ಸುಮಾರು ಒಂದು ತಿಂಗಳ ಮೇಲೆ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಬೆಕ್ಕಿಗೂ ಇದೇ ರೋಗ ಬರುವುದರಿಂದ ಅದನ್ನು ಮರೆಯಕೂಡದು.

ಇನ್ನು ಸಗಣಿಯ ವಿಚಾರ. ನಮ್ಮ ಮನೆಗಳಲ್ಲಿ ಸಗಣಿಯು ಶುದ್ಧಿಯ ವಸ್ತು. ನೆಲವನ್ನು ಸಾರಿಸುವುದಕ್ಕೂ ಹೊಸ್ತಿಲನ್ನು ಬಳಿಯುವುದಕ್ಕೂ ಅದು ಬೇಕು. ಮಣ್ಣುನೆಲದ ಧೂಳನ್ನು ಅದು ಅಡಗಿಸುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಸಿ ಸಗಣಿಯಲ್ಲಿ ಭೇದಿಯನ್ನುಂಟುಮಾಡುವ ಸೂಕ್ಷ್ಮಜಂತುಗಳೂ, ಧನುರ್ವಾಯುವಿನ ಬೀಜಕಣಗಳೂ ಇರಬಹುದು. ಈ ಬೀಜಕಣಗಳು ಬಿಸಿಲಿಗೂ ಒಣಗುವಿಕೆಗೂ ಜಗ್ಗದೆ ಮಣ್ಣಿನಲ್ಲಿ ವರ್ಷಗಟ್ಟಲೆ ಬಾಳುವಂಥವು. ಹಿಂದೆ ಹೊಕ್ಕುಳ ಬಳ್ಳಿಯನ್ನು ಕುಯಿದ ಗಾಯಕ್ಕೆ ಸಗಣಿಯನ್ನೋ ಬೆರಣಿಯ ಬೂದಿಯನ್ನೋ ಇಡುತ್ತಿದ್ದ ಮನೆಗಳಲ್ಲಿ ಕೂಸು ಹುಟ್ಟಿದ ಮೊದಲನೆಯ ವಾರದ ಕೊನೆಗೆ ಹಾಲು ಕುಡಿಯಲಾರದೆ ದವಡೆ ಬಿಗಿದು ತೀರಿಕೊಳ್ಳುತ್ತಿದ್ದುದು ಇದರಿಂದಲೇ. ಅದನ್ನು ಬಾಲಗ್ರಹವೆಂದು ಕರೆದು ಮಂತ್ರ ಹಾಕಿಸುತ್ತಿದ್ದವರೂ ಉಂಟು. ಗರ್ಭಿಣಿಯರಿಗೆ ಲಸಿಕೆ, ಶುದ್ಧವಾದ ಹೆರಿಗೆ ಇವುಗಳ ಫಲವಾಗಿ ಬಾಣಂತಿ ಮತ್ತು ಶಿಶುಗಳ ಧನುರ್ವಾಯುವು ಭಾರತದಲ್ಲಿ ನಿರ್ಮೂಲನದ ಮಟ್ಟಕ್ಕೆ ಇಳಿದಿದೆಯೆಂದು 2015ರಲ್ಲಿ ಪ್ರಕಟವಾಯಿತು. ಆದರೆ ಬೀಜಕಣಗಳು ಕೊಟ್ಟಿಗೆಯನ್ನು ಬಿಟ್ಟು ಹೋಗಿಲ್ಲ. ಲಸಿಕೆ ನಿಂತರೆ ರೋಗವು ಹಿಂತಿರುಗುವುದು. ಹೊಕ್ಕುಳಿಗೆ ಏನನ್ನೂ ಹಚ್ಚದೆ, ತೊಳೆದ ಕೈಯಿಂದ ಮುಟ್ಟಿ, ಒಣಗಿಟ್ಟುಕೊಂಡರೆ ಸಾಕು. ಅದು ತಾನಾಗಿಯೇ ಉದುರುವುದು. ಕೂಸು ಹರಿದಾಡುವ ಸ್ಥಳವನ್ನು ಸಗಣಿಯಿಂದ ಸಾರಿಸದೆ ಇರುವುದೇ ಮೇಲು. ಬಿಡಲಾಗದವರು ಆ ಸ್ಥಳದ ಮೇಲೆ ಒಗೆಯಬಹುದಾದ ಜಮಖಾನವನ್ನು ಹಾಸಿ, ಪ್ರಾಣಿಗಳನ್ನು ಅದರ ಮೇಲೆ ಬಿಡದಿರಲಿ.

ಆರರಿಂದ ಹದಿನೆಂಟು ತಿಂಗಳ ಕೂಸಿಗೆ ಕಂಡದ್ದೆಲ್ಲವೂ ಬಾಯಿಗೆ. ಆಫ್ರಿಕಾದ ಜಿಂಬಾಬ್ವೆಯ ಹಳ್ಳಿಗಳಲ್ಲಿ ಕೂಸುಗಳನ್ನು ಗಂಟೆಗಟ್ಟಲೆ ಗಮನಿಸಿದ ಶೋಧಕರು, ಅವು ಅಂಗಳದ ಮಣ್ಣನ್ನೂ ಕೋಳಿಯ ಹಿಕ್ಕೆಯನ್ನೂ ಬಾಯಿಗೆ ಹಾಕಿಕೊಳ್ಳುವುದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ನಮ್ಮ ಅಂಗಳಗಳಲ್ಲಿ ಇದನ್ನು ನೋಡಲು ಶೋಧಕರೇ ಬೇಕಾಗಿಲ್ಲ. ಕೋಳಿಯ ಹಿಕ್ಕೆಯಲ್ಲಿರುವ ಜಂತುಗಳಿಂದ ಭೇದಿಯುಂಟಾಗುವುದು. ಮತ್ತೆ ಮತ್ತೆ ಭೇದಿಯಾದ ಕೂಸು, ತಿಂದದ್ದು ಮೈಗೆ ಹತ್ತದೆ ಸೊರಗುವುದು. ಆದುದರಿಂದ ಕೋಳಿಗಳಿಗೆ ರಾತ್ರಿಯ ಗೂಡು ಮಾತ್ರವಲ್ಲದೆ ಹಗಲಿಗೂ ಬೇಲಿ ಹಾಕಿದ ಒಂದು ಜಾಗವಿರುವುದು ಒಳ್ಳೆಯದು; ಅಡಿಗೆಯ ಮನೆಗಂತೂ ಅವನ್ನು ಬಿಡಲೇಕೂಡದು.

ನಾಯಿಮರಿಗಳ ವಿಷಯದಲ್ಲಿ ಅನೇಕರಿಗೆ ತಿಳಿಯದ ಮಾತೊಂದಿದೆ. ಮರಿಯು ತಾಯಿಯ ಗರ್ಭದಲ್ಲಿರುವಾಗಲೇ ದುಂಡುಹುಳುವಿನ ಮರಿಗಳು ಅದರ ಮೈಯನ್ನು ಹೊಗುವುವು. ಹೀಗಾಗಿ ಮುದ್ದಾದ ಮರಿಯೇ ಮುದಿನಾಯಿಗಿಂತ ಹೆಚ್ಚಾಗಿ ಹುಳುವಿನ ಮೊಟ್ಟೆಗಳನ್ನು ಹರಡತಕ್ಕದ್ದು. ಮೊಟ್ಟೆಗಳು ಮಲದೊಡನೆ ಹೊರಬಿದ್ದ ದಿನವೇ ಅಪಾಯಕಾರಿಗಳಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆ ಮಕ್ಕಳ ಹೊಟ್ಟೆಗೆ ಹೋದರೆ, ಮರಿಹುಳುಗಳು ಪಿತ್ತಕೋಶಕ್ಕೂ, ಕೆಲವೊಮ್ಮೆ ಕಣ್ಣಿಗೂ ಹೋಗಿ ನೆಲಸುವುವು. ಮಲವನ್ನು ಆಯಾ ದಿನವೇ ತೆಗೆದು ಹೂಳಿದರೆ ಅಂಗಳವು ಶುದ್ಧವಾಗಿರುವುದಕ್ಕೆ ಕಾರಣವೇ ಇದು. ಬ್ಲೀಚಿಂಗ್ ಪುಡಿಗೆ ಈ ಮೊಟ್ಟೆಗಳು ಸಾಯುವುದಿಲ್ಲ. ಕುದಿಯುವ ನೀರಿಗೆ ಸಾಯುವುವು. ಮರಿಗೆ ಎರಡು ವಾರದ ವಯಸ್ಸಿನಿಂದಲೇ ಪಶುವೈದ್ಯರ ಸಲಹೆಯಂತೆ ಜಂತುನಾಶಕವನ್ನು ಕೊಡಿಸತಕ್ಕದ್ದು.

ಬೆಕ್ಕು ಕೂಸಿನ ಉಸಿರನ್ನು ಹೀರುವುದೆಂಬುದು ಬರಿಯ ಅಜ್ಜಿಕಥೆ. ಆದರೆ ಬೆಚ್ಚಗಿರುವ ಕಡೆ ಮಲಗುವುದು ಅದರ ಸ್ವಭಾವವಾದುದರಿಂದ ಎಳೆಗೂಸಿನ ಮುಖಕ್ಕೆ ಒತ್ತಿಕೊಂಡು ಮಲಗಬಹುದು; ತೊಟ್ಟಿಲಿಗೆ ಬಿಗಿಯಾದ ಸೊಳ್ಳೆಪರದೆ ಕಟ್ಟಿದರೆ ಎರಡು ಕಾರ್ಯವೂ ಆಗುವುದು. ಬೆಕ್ಕಿನ ಮಲದಿಂದ ಬರುವ ಟಾಕ್ಸೊಪ್ಲಾಸ್ಮ ಎಂಬ ಜಂತುವು ಗರ್ಭಿಣಿಗೆ ಹೊಸದಾಗಿ ಅಂಟಿದರೆ ಗರ್ಭದ ಶಿಶುವಿಗೆ ಕೇಡು ತಟ್ಟಬಹುದು. ಈ ಮಲವು ಬಿದ್ದ ಒಂದರಿಂದ ಐದು ದಿನಗಳ ಮೇಲೆಯೇ ಅಂಟುವ ಗುಣವನ್ನು ಪಡೆಯುವುದರಿಂದ ದಿನವೂ ತೆಗೆಯತಕ್ಕದ್ದು. ಗರ್ಭಿಣಿಯಲ್ಲದೆ ಬೇರೆಯವರು ತೆಗೆಯತಕ್ಕದ್ದು.

ಹಸುವಿನ ಕಡೆಗೆ ಬರೋಣ. ಕಂದು ಹಾಕಿದ ಹಸುವಿನ ಮಾಸು, ಸತ್ತ ಕರು, ಆ ಹಸುವಿನ ಹಸಿಹಾಲು ಇವು ಮೂರೂ ಅಪಾಯಕರ. ಬ್ರುಸೆಲ್ಲೋಸಿಸ್ ಎಂಬ ಈ ರೋಗದ ಜಂತುವನ್ನು ಡೇವಿಡ್ ಬ್ರೂಸ್ ಎಂಬ ವೈದ್ಯನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಂಡುಹಿಡಿದನು. ಮನುಷ್ಯರಿಗೆ ಬಂದರೆ ಏರಿಳಿಯುವ ಜ್ವರ, ಕೀಲುನೋವು, ಬೆವರು ತಿಂಗಳುಗಟ್ಟಲೆ ಕಾಡುವುವು. ಮಾಸನ್ನು ಬರಿಗೈಯಿಂದ ಮುಟ್ಟದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ನಾಯಿಯು ಎಳೆದಾಡುವಂತೆ ತಿಪ್ಪೆಗೆ ಎಸೆಯುವುದು ಊರಿಗೆಲ್ಲ ರೋಗವನ್ನು ಹಂಚಿದಂತೆ. ಗರ್ಭಿಣಿಯರೂ ಬಾಣಂತಿಯರೂ ಆ ಕೆಲಸಕ್ಕೆ ಹೋಗಕೂಡದು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಈ ರೋಗದ ಲಸಿಕೆ ಹಾಕಿಸುವ ರಾಷ್ಟ್ರೀಯ ಕಾರ್ಯಕ್ರಮವು 2019ರಲ್ಲಿ ಆರಂಭವಾಯಿತು. ಕರುವಿನ ಕಿವಿಗೆ ಓಲೆ ಹಾಕುವರೆಂದು ಅದನ್ನು ಬಚ್ಚಿಡುವವರನ್ನು ಗ್ರಾಮದ ಮುಖಂಡರು ಸಮಾಧಾನ ಹೇಳಿ ಒಪ್ಪಿಸಬೇಕು. ಹಾಲನ್ನು ಉಕ್ಕುವಂತೆ ಕಾಯಿಸದೆ ಯಾರೂ ಕುಡಿಯಕೂಡದು. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲಲ್ಲದೆ ಹಸುವಿನ ಹಾಲೇ ಬೇಡ.

ಉಣ್ಣೆ, ಚಿಗಟಗಳನ್ನು ಅಲ್ಪವೆಂದು ಎಣಿಸುವವರಿಗೆ ಹಳೆಯ ಎರಡು ಸಂಗತಿಗಳು ಸಾಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಗಾಳಿಯನ್ನೂ ಶಾಪವನ್ನೂ ದೂರುತ್ತಿದ್ದರು. ಅದೇ ವರ್ಷ ಕರಾಚಿಯಲ್ಲಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಚಿಗಟದಿಂದ ರೋಗ ದಾಟುವುದನ್ನು ತೋರಿಸಿದನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಕಂಡುಬಂದ ಜ್ವರವು ಉಣ್ಣೆಯಿಂದ ಬರತಕ್ಕದ್ದು. ಆದರೆ ಉಣ್ಣೆಗೆ ಹಾಕುವ ಔಷಧಗಳೂ ವಿಷಗಳೇ. ದನದ ಮೈಗೆ ಅದನ್ನು ಬಳಿದ ದಿನ ಕೂಸನ್ನು ಹತ್ತಿರಕ್ಕೆ ಒಯ್ಯಕೂಡದು. ಸೀಸೆಯನ್ನು ಎತ್ತರದಲ್ಲಿ ಬೀಗ ಹಾಕಿಡತಕ್ಕದ್ದು. ದನಕ್ಕೆ ತಂದ ಔಷಧವನ್ನು ಬೆಕ್ಕಿಗೆ ಹಾಕಿದರೆ ಅದು ಸಾಯಬಹುದು. ಫಿನಾಯಿಲೂ ಬೆಕ್ಕಿಗೆ ವಿಷವೇ. ನೆಲ ತೊಳೆಯಲು ಸೋಪಿನ ನೀರು ಸಾಕಾಗುವುದು.

ಕೊಟ್ಟಿಗೆಯನ್ನು ಬೇರೆ ಕಟ್ಟಲು ಅನುಕೂಲವುಳ್ಳವರು ಮನೆಯಿಂದಲೂ ಬಾವಿಯಿಂದಲೂ ಐವತ್ತು ಅಡಿ ದೂರದಲ್ಲಿ ಕಟ್ಟಿಕೊಳ್ಳಲಿ. ಇಲ್ಲದವರು ನಡುಮನೆಗೂ ಕೊಟ್ಟಿಗೆಗೂ ನಡುವೆ ಎದೆಮಟ್ಟದ ಗೋಡೆಯ ಬದಲು ಸೂರಿನವರೆಗೆ ಗೋಡೆಯನ್ನು ಎಬ್ಬಿಸಿ, ಕೊಟ್ಟಿಗೆಯ ಬಾಗಿಲನ್ನು ಹೊರಗಡೆಗೆ ಇಟ್ಟು, ಬಾಣಂತಿಯ ಕೋಣೆಗೆ ಒಂದು ಕಿಟಕಿಯನ್ನು ಇಡಿಸಲಿ. ಕೊಟ್ಟಿಗೆಯ ನೆಲವನ್ನು ಓರೆಯಾಗಿ ಮಾಡಿ ಗಂಜಲವು ಒಂದು ಗುಂಡಿಗೆ ಹರಿಯುವಂತೆ ಮಾಡಿದರೆ ಸೊಳ್ಳೆ ದುರ್ನಾತಗಳು ತಗ್ಗುವುದಲ್ಲದೆ, ಸಗಣಿಗಿಂತ ಹೆಚ್ಚು ಸಾರಜನಕವುಳ್ಳ ಗಂಜಲವು ವ್ಯರ್ಥವಾಗದೆ ಹೊಲಕ್ಕೆ ದೊರೆಯುವುದು. ನೆಲದಲ್ಲಿ ಇಂಗಿಹೋಗುವ ಗಂಜಲವು ರೈತನು ಹಣ ಕೊಟ್ಟು ತರುವ ಯೂರಿಯಾ ಗೊಬ್ಬರವೇ ಎಂದು ಹೇಳಿದರೆ ಮಾತ್ರ ಕೆಲವರು ಈ ಚರಂಡಿಯನ್ನು ಮಾಡಿಸುವರು. ಕೂಸಿನ ಹೆಸರಿನಲ್ಲಿ ಹೇಳಿದರೆ ಮಾಡಿಸುವುದಿಲ್ಲ. ಬೇಸಿಗೆಯಲ್ಲಿ ಮನೆನೊಣವು ಮೊಟ್ಟೆಯಿಂದ ರೆಕ್ಕೆ ಬಂದ ನೊಣವಾಗಲು ಸುಮಾರು ಏಳರಿಂದ ಹತ್ತು ದಿನ ಹಿಡಿಯುವುದು. ವಾರಕ್ಕೆ ಎರಡು ಸಾರಿ ಸಗಣಿಯನ್ನು ತೆಗೆದು, ಗುಂಡಿಯಲ್ಲಿ ಒತ್ತಿ, ಮೇಲೆ ಮಣ್ಣು ಮುಚ್ಚಿದರೆ ಹುಳುಗಳು ಗೊಬ್ಬರದ ಕಾವಿಗೆ ಸಾಯುವುವು.

ಯಜಮಾನರ ಪ್ರಶ್ನೆಗೆ ನಾನು ಕೊಟ್ಟ ಉತ್ತರ, ಹೊರಡಿಸಬೇಕಾಗಿಲ್ಲವೆಂಬುದು. ಆಲ್ಪ್ಸ್ ಪರ್ವತದ ರೈತರ ಮನೆಗಳಲ್ಲಿ ಎಳೆತನದಿಂದ ದನಗಳ ಬಳಿ ಬೆಳೆದ ಮಕ್ಕಳಿಗೆ ಗೂರಲು ಕಡಮೆಯೆಂದು ಜರ್ಮನಿ, ಸ್ವಿಟ್ಸರ್ಲೆಂಡ್, ಆಸ್ಟ್ರಿಯಗಳ ವೈದ್ಯರು ಕಂಡಿದ್ದಾರೆ. ಇದನ್ನು ಹಿಡಿದುಕೊಂಡು ಮಲಿನತೆಯೇ ಔಷಧವೆಂದು ವಾದಿಸುವವರನ್ನು ನಾನು ಒಪ್ಪಲಾರೆ. ಅಲ್ಲಿ ಭೇದಿಗೆ ವೈದ್ಯನು ಕೂಗಳತೆಯಲ್ಲಿದ್ದಾನೆ.

ಸಿದ್ಧಾರ್ಥನಗರದ ಆ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆನು. ಹಿತ್ತಿಲ ಬಾಗಿಲಿಗೆ ಎರಡು ಅಡಿಯ ಬಿದಿರು ತಡಿಕೆ ಬಂದಿದೆ. ಅದರ ಈಚೆಗೆ ಕೋಳಿ ಬರುವುದಿಲ್ಲ, ಆಚೆಗೆ ಕೂಸು ಹೋಗುವುದಿಲ್ಲ. ಹಾಲು ಕರೆದು ಬಂದವರು ಕೈ ತೊಳೆಯಲು ಬಾಗಿಲ ಬಳಿಯೇ ಸೋಪೂ ನೀರಿನ ಕೊಳಾಯಿಯೂ ಇವೆ. ಹೊಸದೊಂದು ನಾಯಿಯನ್ನು ತಂದಿದ್ದಾರೆ. ಅದನ್ನೂ ಕೂಸನ್ನೂ ದೊಡ್ಡವರಿಲ್ಲದೆ ಒಂದೇ ಕಡೆ ಬಿಡುವುದಿಲ್ಲವೆಂದು ಅಜ್ಜಿಯೇ ಹೇಳಿದಳು. ನಾಯಿಯ ಲಸಿಕೆಯ ಚೀಟಿಯೂ ಕೂಸಿನ ಲಸಿಕೆಯ ಚೀಟಿಯೂ ನಡುಮನೆಯ ಗೋಡೆಯಲ್ಲಿ ಒಂದೇ ಮೊಳೆಗೆ ತೂಗುತ್ತಿದ್ದುವು.