ಇಟಲಿಯ ಹಬ್ಬದೂಟ ಮತ್ತು ನಮ್ಮ ರೊಬಸ್ಟ

ನಮ್ಮ ಸಂಘದ ಗೋದಾಮಿನಿಂದ ಲಾರಿ ಏರಿದ ರೊಬಸ್ಟ ಚೀಲ ಕ್ಯೂರಿಂಗ್ ವರ್ಕ್ಸ್ ದಾಟಿ, ಬಂದರು ದಾಟಿ, ಕೊನೆಗೆ ಯಾರ ಬಾಯಿ ಸೇರುತ್ತದೆ ಎಂದು ಸದಸ್ಯರು ಆಗಾಗ ಕೇಳುವುದುಂಟು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ. ಕೊಳ್ಳುವವರ ಪಟ್ಟಿಯಲ್ಲಿ ಹಲವು ವರ್ಷಗಳಿಂದ ಮೊದಲ ಹೆಸರು ಇಟಲಿಯದು. ನಮ್ಮ ಮಾಲು ಕೊಳ್ಳುವ ಗಿರಾಕಿ ಹೇಗೆ ಉಣ್ಣುತ್ತಾನೆ, ಊಟದ ಯಾವ ಹೊತ್ತಿನಲ್ಲಿ ನಮ್ಮ ಕಾಫಿಯನ್ನು ಬಯಸುತ್ತಾನೆ ಎಂದು ತಿಳಿದುಕೊಳ್ಳುವುದು ಬರಿಯ ಕುತೂಹಲವಲ್ಲ, ವ್ಯಾಪಾರದ ಒಂದು ಭಾಗವೇ ಆಗಿದೆ.

ಮಗಳು ಮತ್ತು ಅಳಿಯ ಕೆಲಸದ ನಿಮಿತ್ತ ಬೊಲೋನ್ಯ ನಗರದಲ್ಲಿದ್ದಾಗ, 2023ರ ಡಿಸೆಂಬರ್ 31ರ ರಾತ್ರಿ ಅಲ್ಲಿಯ ಒಂದು ಊಟದ ಮನೆಯಲ್ಲಿ ಹಬ್ಬದೂಟ ಉಣ್ಣುವ ಸಂದರ್ಭ ನನಗೆ ಒದಗಿತು. ಅದರ ವಿವರವನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಹಬ್ಬ ಮನೆಯಲ್ಲಿ, ಹೊಸವರ್ಷ ಹೋಟೆಲಿನಲ್ಲಿ

ಕ್ರಿಸ್‌ಮಸ್ಸನ್ನು ಮನೆಯವರೊಡನೆ, ಈಸ್ಟರನ್ನು ಬೇಕಾದವರೊಡನೆ ಆಚರಿಸು ಎಂಬ ಗಾದೆ ಇಟಲಿಯಲ್ಲಿದೆ. ಡಿಸೆಂಬರ್ 24ರ ರಾತ್ರಿ ಮಾಂಸ ವರ್ಜ್ಯ. ಅಂದು ಮೀನಿನ ಅಡಿಗೆ. ನೇಪಲ್ಸ್ ಕಡೆ ಹಾವುಮೀನು ಮತ್ತು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಇರಲೇಬೇಕು. ಮರುದಿನ ಮಧ್ಯಾಹ್ನ ಅಜ್ಜಿಯ ಮನೆಯಲ್ಲಿ ದೊಡ್ಡ ಊಟ. ಹೊರಗೆ ಹೋಗಿ ಉಣ್ಣುವ ರಾತ್ರಿ ಎಂದರೆ ಸಂತ ಸಿಲ್ವೆಸ್ಟ್ರನ ದಿನವಾದ ಡಿಸೆಂಬರ್ 31. ಆ ರಾತ್ರಿಯ ಊಟಕ್ಕೆ ‘ಚೆನೋನೆ’ ಎಂದು ಹೆಸರು. ‘ದೊಡ್ಡ ಊಟ’ ಎಂದು ಅರ್ಥ. ಮೊದಲೇ ಜಾಗ ಕಾದಿರಿಸಬೇಕು, ತಲೆಗೆ ಇಂತಿಷ್ಟು ಎಂದು ಮುಂಚೆಯೇ ನಿಗದಿ, ಅಡಿಗೆಯ ಪಟ್ಟಿಯೂ ನಿಗದಿ. ನಮ್ಮಲ್ಲಿ ಸಮಾರಾಧನೆಯ ಊಟಕ್ಕೆ ಕುಳಿತಂತೆ, ಬಂದದ್ದನ್ನು ಬಂದ ಕ್ರಮದಲ್ಲಿ ಉಣ್ಣುವುದು.

ಕ್ರಮವೇನೋ ನಮ್ಮದಕ್ಕಿಂತ ಬೇರೆ. ಎಲೆ ತುಂಬ ಎಲ್ಲವನ್ನೂ ಒಟ್ಟಿಗೆ ಬಡಿಸುವ ಪದ್ಧತಿ ಅಲ್ಲಿಲ್ಲ. ಮೊದಲು ರುಚಿಗೆ ಸ್ವಲ್ಪ ಗಿಣ್ಣು, ಮಾಂಸದ ತೆಳುಹೋಳು, ಉಪ್ಪಿನಲ್ಲಿಟ್ಟ ತರಕಾರಿ. ಆಮೇಲೆ ‘ಮೊದಲನೆಯದು’, ಅಂದರೆ ಗೋಧಿಹಿಟ್ಟಿನ ಪಾಸ್ತಾ ಅಥವಾ ಅಕ್ಕಿಯ ರಿಸೊಟ್ಟೊ. ಅನಂತರ ‘ಎರಡನೆಯದು’, ಮಾಂಸ ಇಲ್ಲವೆ ಮೀನು, ಜೊತೆಗೆ ತರಕಾರಿ. ಕೊನೆಗೆ ಸಿಹಿ. ಒಂದು ತಟ್ಟೆ ಎತ್ತಿದ ಮೇಲೆಯೇ ಇನ್ನೊಂದು. ನಾನು ಮೊದಲ ತಟ್ಟೆಗೇ ಕೈ ಜೋರು ಮಾಡಿದಾಗ ಅಳಿಯ, “ಮಾವ, ನಿಧಾನ ಮಾಡಿ, ಇದು ಹನ್ನೆರಡು ಗಂಟೆಯವರೆಗೆ ನಡೆಯುವ ಊಟ” ಎಂದರು. ಒಂಬತ್ತಕ್ಕೆ ಕುಳಿತವರು ನಡುರಾತ್ರಿ ದಾಟಿದ ಮೇಲೆಯೇ ಎದ್ದದ್ದು.

ಬೊಲೋನ್ಯದ ಹಬ್ಬಕ್ಕೆ ಟೋರ್ಟೆಲ್ಲಿನಿ ಮುಖ್ಯ. ಉಗುರಿನಷ್ಟು ದೊಡ್ಡ ಹಿಟ್ಟಿನ ಹಾಳೆಗೆ ಹಂದಿಮಾಂಸ, ಗಿಣ್ಣು, ಮೊಟ್ಟೆ, ಜಾಯಿಕಾಯಿಯ ಹೂರಣ ತುಂಬಿ, ಮಡಚಿ, ಬಿಸಿ ಸಾರಿನಲ್ಲಿ ಹಾಕಿ ಕೊಡುತ್ತಾರೆ. ಈ ಹೂರಣದ ಪಾಕವನ್ನು 1974ರಲ್ಲಿ ಆ ನಗರದ ವಾಣಿಜ್ಯ ಮಂಡಳಿಯಲ್ಲಿ ವಿಧ್ಯುಕ್ತವಾಗಿ ದಾಖಲು ಮಾಡಿಸಿದ್ದಾರೆ. ನಮ್ಮ ಅಡಿಕೆ ತೋಟಗಳ ನೆರಳಲ್ಲಿ ಬೆಳೆಯುವ ಜಾಯಿಕಾಯಿ ಅಲ್ಲಿಯ ಹಬ್ಬದ ಅಡಿಗೆಗೆ ಬೇಕೇ ಬೇಕು ಎಂಬುದನ್ನು ತೋಟಿಗರು ಗಮನಿಸಬೇಕು. ನನ್ನಂಥ ಶಾಕಾಹಾರಿಗೆ ಸಿಹಿಗುಂಬಳದ ಹೂರಣ ತುಂಬಿದ ಪಾಸ್ತಾ ತಂದುಕೊಟ್ಟರು. ಅದೂ ಆ ಸೀಮೆಯ ಹಳೆಯ ಅಡಿಗೆಯೇ. ನಮ್ಮ ಕಡಬಿನ ದೂರದ ನೆಂಟ ಎನ್ನಬಹುದು. ಆದರೆ ಕಟ್ಟುನಿಟ್ಟಿನ ಸದಸ್ಯರಿಗೆ ಒಂದು ಮಾತು: ಅದರ ಮೇಲೆ ಉದುರಿಸುವ ಪಾರ್ಮಿಜಾನೊ ಗಿಣ್ಣನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ.

ನಡುರಾತ್ರಿಯ ಹೊತ್ತಿಗೆ ಮಸೂರ ಕಾಳು ಬರುತ್ತದೆ, ಹಂದಿಮಾಂಸದ ‘ಕೊಟೆಕೀನೊ’ ಜೊತೆಯಲ್ಲಿ. ಕಾಳು ನಾಣ್ಯದ ಆಕಾರದಲ್ಲಿರುವುದರಿಂದ ಎಷ್ಟು ಉಂಡರೆ ಅಷ್ಟು ಹಣ ಮುಂದಿನ ವರ್ಷ ಕೈ ಸೇರುತ್ತದೆಂದು ನಂಬಿಕೆ. ಕಾಫಿಯ ದರ ಏರಿಳಿಯುವುದನ್ನು ನೋಡಿದ ನಾನು ಎರಡು ಬಾರಿ ಹಾಕಿಸಿಕೊಂಡೆ.

ಎಲ್ಲಕ್ಕೂ ಊರ ಹೆಸರು

ಆ ರಾತ್ರಿ ಅಡಿಗೆಯ ಪಟ್ಟಿ ಓದುವಾಗ ನನ್ನ ಗಮನ ಸೆಳೆದದ್ದು ಒಂದು ಸಂಗತಿ. ಪಟ್ಟಿಯಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಊರ ಹೆಸರು ಅಂಟಿಕೊಂಡಿತ್ತು. ಹುಳಿರಸ ಮೊದೆನಾದ್ದು, ಕೊಟೆಕೀನೊ ಮೊದೆನಾದ್ದು, ಮಸೂರ ಉಂಬ್ರಿಯ ಬೆಟ್ಟದ ಕಾಸ್ತೆಲ್ಲೂಚೊ ಬಯಲಿನದು, ಗಿಣ್ಣು ಪಾರ್ಮ ಮತ್ತು ರೆಜ್ಜೊ ಸೀಮೆಯದು. ಈ ಹೆಸರುಗಳಿಗೆಲ್ಲ ಕಾನೂನಿನ ರಕ್ಷಣೆ ಇದೆ. ಬೇರೆ ಕಡೆಯವರು ಬಳಸುವಂತಿಲ್ಲ.

ಗಿಣ್ಣಿನ ವಿಷಯವನ್ನು ಸ್ವಲ್ಪ ವಿವರಿಸಬೇಕು. ಸುಮಾರು 40 ಕಿಲೊ ತೂಗುವ ಒಂದು ಗಾಲಿಗೆ 500 ಲೀಟರಿಗೂ ಮೇಲ್ಪಟ್ಟು ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಿಸಬೇಕು. ಇಷ್ಟೊಂದು ಹಾಲನ್ನೂ ಕಾಲವನ್ನೂ ಹೂಡುವ ಶಕ್ತಿ ನಾಲ್ಕು ಹಸು ಕಟ್ಟಿದ ರೈತನಿಗಿಲ್ಲ. ಹಾಗಾಗಿ ಅಲ್ಲಿಯ ಗಿಣ್ಣುಮನೆಗಳಲ್ಲಿ ಅನೇಕವು ಹಾಲು ಉತ್ಪಾದಕರ ಸಹಕಾರ ಸಂಘಗಳೇ. ಇವರೆಲ್ಲ ಸೇರಿದ ಒಕ್ಕೂಟ 1934ರಲ್ಲಿ ಆರಂಭವಾಯಿತು. ಮಾಗಿದ ಗಾಲಿಯನ್ನು ಪರೀಕ್ಷಕ ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗಿನ ಬಿರುಕನ್ನು ಪತ್ತೆ ಮಾಡುತ್ತಾನೆ. ಮಟ್ಟಕ್ಕೆ ಬಾರದ ಗಾಲಿಯ ಮೇಲಿನ ಹೆಸರನ್ನು ಕೆರೆದು ತೆಗೆದುಬಿಡುತ್ತಾರೆ. ಹೆಸರು ಕೊಡುವ ಸಂಘಕ್ಕೆ ಹೆಸರನ್ನು ಹಿಂದಕ್ಕೆ ಪಡೆಯುವ ಧೈರ್ಯವೂ ಇರಬೇಕು ಎಂಬ ಪಾಠ ಇದರಲ್ಲಿದೆ.

ಕೊನೆಗೆ ಬಂದ ಕಾಫಿ

ನಮ್ಮಲ್ಲಿ ಹಬ್ಬದೂಟ ಮುಗಿದ ಮೇಲೆ ಎಲೆಅಡಿಕೆಯ ತಟ್ಟೆ ಹೇಗೋ, ಅಲ್ಲಿ ಸಣ್ಣ ಬಟ್ಟಲ ಕಾಫಿ ಹಾಗೆ. ಅದು ಬಾರದೆ ಊಟ ಮುಗಿಯಿತೆಂದು ಯಾರೂ ಏಳುವುದಿಲ್ಲ. ಊಟದ ನಂತರ ಹಾಲು ಹಾಕಿದ ಕಾಫಿ ಕೇಳಿದರೆ ಅವರಿಗೆ ವಿಚಿತ್ರವಾಗಿ ಕಾಣುತ್ತದೆ; ಹಾಲಿನದು ಬೆಳಗಿನ ತಿಂಡಿಗೆ ಮಾತ್ರ. ಕಾಫಿಯ ಮೇಲೆ ಗಿಡಮೂಲಿಕೆಯ ಕಹಿ ಮದ್ಯದ ಒಂದು ಗುಟುಕು ಬೇರೆ. ಅದಕ್ಕೆ ‘ಕಾಫಿಯನ್ನು ಕೊಲ್ಲುವುದು’ ಎಂಬ ತಮಾಷೆಯ ಹೆಸರು.

ಕಾಫಿ ಮಾಡುವ ವಿಧಾನ ಹೀಗೆ: ಸುಮಾರು 7 ಗ್ರಾಂ ಪುಡಿ, 90 ಡಿಗ್ರಿಯ ಆಸುಪಾಸಿನ ನೀರು, 9 ಬಾರ್ ಒತ್ತಡ. ಅಂದರೆ ಜೀಪಿನ ಚಕ್ರದಲ್ಲಿರುವ ಗಾಳಿಯ ನಾಲ್ಕು ಪಟ್ಟು. ಇಪ್ಪತ್ತೈದು ಸೆಕೆಂಡಿನಲ್ಲಿ ಎರಡು ಗುಟುಕಿನಷ್ಟು ಕಾಫಿ ಇಳಿಯುತ್ತದೆ. ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನಷ್ಟಕ್ಕೆ ತೊಟ್ಟಿಕ್ಕಲು ಬೇಕಾಗುವ ಹೊತ್ತನ್ನು ಹೋಲಿಸಿ ನೋಡಿ. ಮಿಲಾನಿನ ಲೂಯಿಜಿ ಬೆಜ್ಜೆರ 1901ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದು ಹಬೆಯ ಬಲದ್ದು. ಅದೇ ನಗರದ ಅಕಿಲೆ ಗಾಜ್ಜ 1940ರ ದಶಕದಲ್ಲಿ ಸನ್ನೆಕೋಲಿನ ಯಂತ್ರ ತಂದಾಗ ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. ಆ ನೊರೆಯೇ ಇಂದು ಒಳ್ಳೆಯ ಎಸ್ಪ್ರೆಸೊದ ಗುರುತು.

ನಮ್ಮ ರೊಬಸ್ಟಕ್ಕೆ ಬೆಲೆ ಬರುವುದು ಇಲ್ಲಿಯೇ. ಅರೇಬಿಕದಿಂದ ಪರಿಮಳ, ರೊಬಸ್ಟದಿಂದ ದಟ್ಟ ನೊರೆ ಮತ್ತು ಗಟ್ಟಿತನ. ಇಟಲಿಯಲ್ಲಿ ಶುದ್ಧ ಅರೇಬಿಕ ಮಾರುವ ಹೆಸರಾಂತ ವ್ಯಾಪಾರಿಗಳೂ ಇದ್ದಾರೆ. ಆದರೆ ದಕ್ಷಿಣಕ್ಕೆ ಹೋದಂತೆ ಮಿಶ್ರಣದಲ್ಲಿ ರೊಬಸ್ಟ ಹೆಚ್ಚುತ್ತದೆ. ನೆರಳಿನಲ್ಲಿ ಬೆಳೆದು, ಶುಚಿಯಾಗಿ ಪಲ್ಪ್ ಮಾಡಿ ತೊಳೆದ ನಮ್ಮ ರೊಬಸ್ಟ ಪಾರ್ಚ್‌ಮೆಂಟಿಗೆ ಅಲ್ಲಿ ಒಳ್ಳೆಯ ಹೆಸರಿದೆ.

ಊಟದ ಮನೆಯ ಯಜಮಾನನನ್ನು ಅಳಿಯನ ಮೂಲಕ ಕೇಳಿಸಿದೆ: “ಗಿಣ್ಣಿನ ಊರು ಹೇಳಿದಿರಿ, ಕಾಳಿನ ಬೆಟ್ಟ ಹೇಳಿದಿರಿ. ಈ ಕಾಫಿ ಯಾವ ಊರಿನದು?” ಆತ ಒಳಗೆ ಹೋಗಿ ಡಬ್ಬಿಯನ್ನೇ ತಂದು ತೋರಿಸಿದ. ಹುರಿದವರ ಹೆಸರು ದಪ್ಪಕ್ಷರದಲ್ಲಿತ್ತು, ಕೆಳಗೆ ‘ಮಿಶ್ರಣ’ ಎಂದಿತ್ತು. ಬೆಳೆದ ದೇಶದ ಹೆಸರು ಕೂಡ ಇರಲಿಲ್ಲ.

ಒಂದು ಚೀಲದ ಲೆಕ್ಕ

ಐವತ್ತು ಕಿಲೊ ರೊಬಸ್ಟ ಚೆರಿ ಚೀಲವನ್ನು ತೆಗೆದುಕೊಳ್ಳಿ. ಔಟ್‌ಟರ್ನ್ 26 ಎಂದಿಟ್ಟುಕೊಳ್ಳೋಣ. ಹುರಿಯುವಾಗ ಶೇಕಡ 18ರಷ್ಟು ತೂಕ ಹೋದರೆ ಉಳಿಯುವುದು 21 ಕಿಲೊಗೂ ಸ್ವಲ್ಪ ಹೆಚ್ಚು. ಬಟ್ಟಲಿಗೆ 7 ಗ್ರಾಂನಂತೆ ಸುಮಾರು 3,000 ಬಟ್ಟಲು ಕಾಫಿ. ಇಟಲಿಯಲ್ಲಿ ನಿಂತು ಕುಡಿಯುವ ಕಾಫಿಗೆ ಒಂದು ಯೂರೊಗಿಂತ ತುಸು ಹೆಚ್ಚು. ಕುಳಿತು ಕುಡಿದರೆ ಇನ್ನೂ ಹೆಚ್ಚು. ಒಂದೇ ಯೂರೊ ಎಂದರೂ ಚೀಲಕ್ಕೆ 3,000 ಯೂರೊ ಆಯಿತು. ಸಂಘದ ಫಲಕದಲ್ಲಿ ಬರೆದಿರುವ ಇಂದಿನ ಚೀಲದ ದರದೊಂದಿಗೆ ಇದನ್ನು ಸದಸ್ಯರೇ ಹೋಲಿಸಿಕೊಳ್ಳಲಿ.

ಅಂತರವೆಲ್ಲ ಲಾಭವೆಂದು ಯಾರೂ ಭಾವಿಸಬಾರದು. ಅದರಲ್ಲಿ ಹಡಗಿನ ಬಾಡಿಗೆ ಇದೆ, ಹುರಿಯುವವನ ಖರ್ಚಿದೆ, ಅಂಗಡಿಯ ಬಾಡಿಗೆ, ಸಂಬಳ, ತೆರಿಗೆ ಇವೆ. ಆದರೂ ಹಾಲು ಕರೆಯುವ ರೈತ ಗಿಣ್ಣಿನ ಹೆಸರಿನಲ್ಲಿ ಪಾಲುದಾರ. ಕಾಫಿ ಬೆಳೆಯುವ ರೈತ ಡಬ್ಬಿಯ ಮೇಲೆ ಎಲ್ಲಿಯೂ ಇಲ್ಲ. ಹೆಸರಿಲ್ಲದ ಮಾಲಿಗೆ ಲಂಡನ್ ಮಾರುಕಟ್ಟೆ ಹೇಳಿದ್ದೇ ದರ.

ನಾವು ಮಾಡಬಹುದಾದದ್ದು

ಕಡ್ಡಾಯ ಪೂಲಿಂಗ್ ಇದ್ದ ಕಾಲದಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿತ್ತು. 1990ರ ದಶಕದ ನಡುವೆ ಆ ವ್ಯವಸ್ಥೆ ಹೋಯಿತು. ರಾಶಿ ಒಡೆದು ಇಷ್ಟು ಕಾಲವಾದರೂ ನಾವು ಮಾತ್ರ ಇನ್ನೂ ರಾಶಿಯ ಮಾಲನ್ನೇ ಕೊಡುತ್ತಿದ್ದೇವೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದೇ ವರ್ಷ ವಯನಾಡಿನ ರೊಬಸ್ಟಕ್ಕೂ, ಶಿರಸಿಯ ಅಡಿಕೆಗೂ ಸಿಕ್ಕಿತು. ಗುರುತು ಸಿಗುವುದು ಮೊದಲ ಮೆಟ್ಟಿಲು ಮಾತ್ರ. ಸುತ್ತಿಗೆ ಹಿಡಿದು ತಟ್ಟಿ ನೋಡುವವರು ನಮ್ಮಲ್ಲೂ ಬೇಕು.

ಮೊದಲನೆಯದಾಗಿ, ಹಣ್ಣನ್ನು ಮಾತ್ರ ಕೊಯ್ಯುವುದು. ಆಳು ಸಿಗುವುದಿಲ್ಲವೆಂದು ಒಂದೇ ಸಲಕ್ಕೆ ಹಸಿರು ಹಣ್ಣು ಕೂಡಿ ಸೀಬಿದರೆ ಬಟ್ಟಲಲ್ಲಿ ಅದು ಒಗರಾಗಿ ಕಾಣಿಸುತ್ತದೆ.

ಎರಡನೆಯದಾಗಿ, ಒಣಗಿಸುವುದು. ರೊಬಸ್ಟ ಚೆರಿಯ ತೇವ ಶೇಕಡ 11ಕ್ಕೆ, ಪಾರ್ಚ್‌ಮೆಂಟಿನದು 10ಕ್ಕೆ ಇಳಿಯಬೇಕು. ಮಣ್ಣಿನ ಕಣದಲ್ಲಿ ಹರಡಿ, ಮಂಜಿಗೆ ಬಿಟ್ಟು, ಅರೆಒಣಗಿದ್ದನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಬರುವ ಓಕ್ರಟಾಕ್ಸಿನ್ ಎಂಬ ವಿಷಕ್ಕೆ ಐರೋಪ್ಯ ಒಕ್ಕೂಟ 2022ರಲ್ಲಿ ಮಿತಿಯನ್ನು ಬಿಗಿ ಮಾಡಿದೆ. ಹುರಿದ ಕಾಫಿಯಲ್ಲಿ ಕಿಲೊಗೆ 5 ಮೈಕ್ರೊಗ್ರಾಂ ಇದ್ದದ್ದು 3ಕ್ಕೆ ಇಳಿದಿದೆ. ಒಬ್ಬ ಸದಸ್ಯನ ಹತ್ತು ಚೀಲ ಇಡೀ ಲಾಟನ್ನು ಕೆಡಿಸಬಲ್ಲದು.

ಮೂರನೆಯದಾಗಿ, ದಾಖಲೆ. ಅರಣ್ಯ ನಾಶವಿಲ್ಲದೆ ಬೆಳೆದ ಕಾಫಿಯನ್ನಷ್ಟೇ ಕೊಳ್ಳಬೇಕೆಂಬ ಐರೋಪ್ಯ ಕಾನೂನು 2023ರಲ್ಲಿ ಬಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಬೆಳೆ ಆಗದು. ತೋಟ ಎಲ್ಲಿದೆ ಎಂಬ ಸ್ಥಾನಸೂಚಿಯೂ ಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ ಎಂದು ಸುಮ್ಮನಿರುವುದು ಸರಿಯಲ್ಲ. ಇದನ್ನು ಕಿರುಕುಳವೆಂದೇ ಹಲವರು ಬಗೆದಿದ್ದಾರೆ. ತೋಟದ ಗುರುತು ಚೀಲದ ಜೊತೆ ಹೋಗುವ ಮೊದಲ ಅವಕಾಶವೂ ಇದೇ ಎಂಬುದನ್ನು ಮರೆಯಬಾರದು.

ಈ ಹಂಗಾಮಿನಲ್ಲಿ ಒಪ್ಪಿದ ಸದಸ್ಯರ ತೊಳೆದ ರೊಬಸ್ಟವನ್ನು ಬೇರೆಯಾಗಿ ಶೇಖರಿಸಿ, ತೇವ ಪರೀಕ್ಷಿಸಿ, ರುಚಿ ನೋಡಿಸಿ, ಸಂಘದ ಹೆಸರಿನಲ್ಲೇ ಒಂದು ಪ್ರತ್ಯೇಕ ಲಾಟು ಮಾಡುವ ಸಲಹೆಯನ್ನು ಮುಂದಿನ ಸಭೆಯ ಮುಂದೆ ಇಡುತ್ತಿದ್ದೇನೆ. ಮಟ್ಟಕ್ಕೆ ಬಾರದ ಚೀಲವನ್ನು, ಅದು ಕಾರ್ಯದರ್ಶಿಯ ತೋಟದ್ದೇ ಆಗಿರಲಿ, ಲಾಟಿನಿಂದ ಹೊರಗಿಡಲು ಎಲ್ಲರೂ ಮೊದಲೇ ಒಪ್ಪಬೇಕು. ಸೇರಬಯಸುವವರು ಪಹಣಿಯ ಪ್ರತಿ ಮತ್ತು ಕಾಫಿ ಬೋರ್ಡಿನ ನೋಂದಣಿ ವಿವರದೊಡನೆ ಕೊಯ್ಲಿಗೆ ಮೊದಲೇ ಕಛೇರಿಗೆ ಬಂದು ಹೆಸರು ಬರೆಸಬೇಕಾಗಿ ಕೋರುತ್ತೇನೆ.